ಸೀಟಿಗೆ ನಿಲ್ಲುವ ಮುಧೋಳ: ನನ್ನ ಅನುಭವ

ಮುಧೋಳ ನಾಯಿ ಬಿಟ್ಟರೆ ಓಡುತ್ತದೆ, ಕರೆದರೆ ಬರುವುದಿಲ್ಲ. ಸಾಕಿದವರೆಲ್ಲ ಹೇಳುವ ಮಾತು. ಲೋಕಾಪುರದ ಹತ್ತಿರದ ಹಳ್ಳಿಯಿಂದ ನಮ್ಮ ಚಿಗರಿಯನ್ನು ತಂದಾಗ ಮರಿ ಕೊಟ್ಟವನೂ ಅದನ್ನೇ ಹೇಳಿದ್ದ: ‘ಸರ, ಇದನ್ನ ಹಗ್ಗದಾಗ ಇಡ್ರಿ, ಇಲ್ಲಾ ಹೊಲದಾಗ ಬಿಡ್ರಿ. ನಡುವಿಂದು ಅಂತ ಯಾವುದೂ ಇಲ್ಲ.’ ಅದು 2019ರ ದೀಪಾವಳಿ ಆಸುಪಾಸು. ಆ ನಡುವಿನದ್ದು ಸಿಗಲು ನನಗೆ ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಈಗ ಬಯಲಿನಲ್ಲಿ ಬಿಚ್ಚಿ ಬಿಡುತ್ತೇನೆ. ಸೀಟಿ ಹೊಡೆದರೆ ಹತ್ತರಲ್ಲಿ ಒಂಬತ್ತು ಸಲ ನಿಲ್ಲುತ್ತಾಳೆ, ತಿರುಗುತ್ತಾಳೆ, ಬರುತ್ತಾಳೆ. ಹತ್ತನೆಯದರ ಕತೆ ಕೊನೆಗೆ.

ಹೆಸರಿನಿಂದಲೇ ಪೇಚಾಟ ಶುರುವಾಗಿತ್ತು. ಹುಬ್ಬಳ್ಳಿ-ಧಾರವಾಡದಲ್ಲಿ ‘ಚಿಗರಿ’ ಅಂದರೆ ಬಸ್ಸು. ಸ್ಟಾಪಿನ ಹತ್ತಿರ ನಾನು ‘ಚಿಗರೀ...’ ಎಂದು ಕೂಗಿದರೆ ಚೀಲ ಎತ್ತಿಕೊಂಡು ಎದ್ದು ನಿಂತವರಿದ್ದಾರೆ. ನಾಯಿಯೊಂದು ಬಿಟ್ಟು ಎಲ್ಲರೂ ತಿರುಗುತ್ತಿದ್ದರು.

ಇಷ್ಟು ಹಟ ಯಾಕೆ ಅಂದರೆ, ಇವಳಿಗಿಂತ ಮೊದಲು ಮೋತಿ ಇದ್ದ. ಬೀದಿಯಲ್ಲಿ ಸಿಕ್ಕವನು, ಒಂಬತ್ತು ವರ್ಷ ನನ್ನ ಬರೆಯುವ ಮೇಜಿನ ಕೆಳಗೆ ಮಲಗಿದವನು. ನನ್ನ ಮೊದಲ ಎರಡು ಕಥಾಸಂಕಲನದಷ್ಟೂ ಕತೆಗಳನ್ನು ಅವನ ಬೆನ್ನ ಮೇಲೆ ಕಾಲಿಟ್ಟುಕೊಂಡೇ ಬರೆದದ್ದು. ಒಂದು ಸಂಜೆ ಪಿ.ಬಿ. ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದ. ನಾನು ಈಚೆಯಿಂದ ಕರೆದೆ. ಮೋತಿ ಕರೆದರೆ ಬರುವ ನಾಯಿ. ಬಂದ. ನಡುವೆ ಲಾರಿ ಇತ್ತು.

ಆದ್ದರಿಂದ ‘ಬಾ’ ಕಲಿಸುವವರ ಮಾತಿಗೆ ನಾನು ಪೂರ್ತಿ ತಲೆದೂಗುವವನಲ್ಲ. ನನಗೆ ಮೊದಲು ಬೇಕಾದದ್ದು ‘ನಿಲ್ಲು’. ಆದರೆ ಇದು ತಿಳಿಯುವ ಮೊದಲು ನಾನೂ ಎಲ್ಲರಂತೆ ‘ಬಾ, ಬಾ’ ಎಂದು ಗಂಟಲು ಹರಿದುಕೊಂಡು ದುಡ್ಡು ಕಳೆದೆ.

ಲೆಕ್ಕ ಹೇಳಿಬಿಡುತ್ತೇನೆ. ತರಬೇತಿ ಕೊಡುವವನೊಬ್ಬನಿಗೆ ತಿಂಗಳಿಗೆ 6,000 ರೂಪಾಯಿ. ಇಪ್ಪತ್ತು ದಿನಕ್ಕೆ ‘ಇದಕ್ಕ ಬುದ್ಧಿನ ಇಲ್ಲರೀ, ಲ್ಯಾಬ್ರಡಾರ್ ತರಬೇಕಿತ್ತು’ ಎಂದು ಕೈಚೆಲ್ಲಿದ. 2016ರಲ್ಲಿ ಸೇನೆಯವರು ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರದಿಂದ ಮುಧೋಳ ಮರಿಗಳನ್ನು ಮೀರತ್‌ಗೆ ಒಯ್ದು ಪಳಗಿಸಲು ಹೊರಟಿದ್ದನ್ನು ಹೇಳಿದೆ. ‘ಅವರಿಗೆ ಪಗಾರ ಬರತೈತ್ರಿ’ ಅಂದ. ಉಳಿದ ಹತ್ತು ದಿನದ ದುಡ್ಡು ವಾಪಸು ಬರಲಿಲ್ಲ. ಆಮೇಲೆ ಆನ್‌ಲೈನಿನಲ್ಲಿ ಶಾಕ್ ಕೊಡುವ ಕಾಲರ್, ಸುಮಾರು 2,800. ಒಂದೇ ಸಲ ಗುಂಡಿ ಒತ್ತಿದ್ದು. ಅವಳು ಚೀರಿದ ದನಿಗೆ ನನ್ನ ಕೈ ನಡುಗಿತು. ಎರಡು ದಿನ ಮೇಜಿನ ಕೆಳಗಿನಿಂದ ಹೊರಗೆ ಬರಲಿಲ್ಲ, ನಾನೂ ಒಂದಕ್ಷರ ಬರೆಯಲಿಲ್ಲ. ಆ ಕಾಲರನ್ನು ಮಾರಲೂ ಮನಸ್ಸಾಗದೆ ಗುಜರಿಗೆ ಹಾಕಿದೆ. ಜಿಪಿಎಸ್ ಯಂತ್ರಕ್ಕೆ ಏಳೂವರೆ ಸಾವಿರ. ಅದು ನಾಯಿ ಎಲ್ಲಿದೆ ಎಂದು ತೋರಿಸುತ್ತಿತ್ತು, ಹೌದು, ಆದರೆ ಅವಳು ಅಲ್ಲಿಂದ ಹೋದ ಮೇಲೆ. ಪಕ್ಕದ ಕಾಕಾನ ಐದು ಜವಾರಿ ಕೋಳಿಗೆ 2,500. ಒಂದು ಆಡಿನ ಮರಿಯ ಕಾಲಿಗೆ ಮೂರು ಸಾವಿರದ ಮೇಲೆ. ಒಟ್ಟು 22,000 ಆಗಿರಬೇಕು. ಅಂಕಣಕ್ಕೆ ಬರುತ್ತಿದ್ದ ಸಂಭಾವನೆಯೆಲ್ಲ ಕೋಳಿಗೆ ಹೋಯಿತು ಎಂದು ಮನೆಯವಳು ಇಂದಿಗೂ ಹಂಗಿಸುತ್ತಾಳೆ.

ದಾರಿ ಸಿಕ್ಕಿದ್ದು ಹೊಲದಲ್ಲಲ್ಲ, ಮೇಜಿನ ಮುಂದೆ. ಲಾಕ್‌ಡೌನ್ ದಿನಗಳು. ಕತೆಯೊಂದು ಮುಂದಕ್ಕೆ ಹೋಗದೆ ಕೂತಿದ್ದೆ. ಚಿಗರಿ ಕಿಟಕಿಯಲ್ಲಿ ಅಳಿಲು ನೋಡುತ್ತಿದ್ದಳು. ಕಿವಿ ಹಿಂದಕ್ಕೆ ಒರಗಿದ್ದದ್ದು ಬುಡದಿಂದ ಎದ್ದಿತು, ಬಾಲ ಬಿಗಿಯಾಯಿತು, ಮುಂದಿನ ಬಲಗಾಲು ನೆಲದಿಂದ ಎರಡು ಬೆರಳು ಮೇಲೆ. ಉಸಿರೂ ಇಲ್ಲದ ಹಾಗೆ ನಿಂತಳು. ಮನಸ್ಸಿನಲ್ಲೇ ಎಣಿಸಿದೆ: ಒಂದು, ಎರಡು, ಮೂರು. ಆಮೇಲೆ ಕಿಟಕಿಗೆ ಜಿಗಿದಳು.

ಓಡುವ ಮೊದಲು ಅವಳು ತಾನಾಗಿಯೇ ನಿಲ್ಲುತ್ತಾಳೆ! ಕಣ್ಣಿನಿಂದ ಬೇಟೆಯಾಡುವ ನಾಯಿ ಓಟ ಕಿತ್ತ ಮೇಲೆ ಅದರ ಕಿವಿ ಸತ್ತ ಹಾಗೆಯೇ, ಆಗ ಕೂಗಿದರೆ ನಮ್ಮ ಹೆಸರು ಕೆಡುತ್ತದೆ ಅಷ್ಟೆ. ಆದರೆ ಈ ಎರಡು ಮೂರು ಸೆಕೆಂಡು ನನ್ನದು. ನಿಲ್ಲುವುದನ್ನು ಕಲಿಸಬೇಕಾಗಿಯೇ ಇಲ್ಲ, ಅವಳು ನಿಂತಾಗ ಅದಕ್ಕೊಂದು ಸೀಟಿ ಅಂಟಿಸಿದರೆ ಸಾಕು.

ಅಂದಿನಿಂದ ಅವಳು ಎಲ್ಲೇ ಹಾಗೆ ನಿಂತರೂ ಒಂದು ಉದ್ದ ಸೀಟಿ, ಕೂಡಲೇ ಬಾಯಿಗೆ ತುಣುಕು. ಅಳಿಲು, ಬೆಕ್ಕು, ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲ, ಯಾವುದಾದರೂ ಸರಿ. ದಿನಕ್ಕೆ ಐದಾರು ಸಲ, ನಾಲ್ಕು ತಿಂಗಳು. ಆರೇಳು ನೂರು ಸಲ ಆಗಿರಬಹುದು. ಆಮೇಲೆ ತಿರುವು ಹಾಕಿದೆ: ಮೊದಲು ಸೀಟಿ, ಆಮೇಲೆ ನಿಲ್ಲುವುದು. ಬೆನ್ನಿಗೆ ಮೂವತ್ತು ಅಡಿ ಹತ್ತಿಯ ಹಗ್ಗ ಎಳೆದುಕೊಂಡು ತಿರುಗುತ್ತಿದ್ದಳು, ಸಂತೆಯಲ್ಲಿ ಎತ್ತಿಗೆಂದು ಮಾರುವ ಹಗ್ಗ, 180 ರೂಪಾಯಿ. ನೈಲಾನ್ ತರಬೇಡಿ. ನನ್ನ ಎಡಗೈಯಲ್ಲಿ ಅದರ ಗುರುತು ಇನ್ನೂ ಇದೆ.

ತುಣುಕು ಯಾವುದು ಎಂದು ಬಹಳ ಜನ ಕೇಳಿದ್ದಾರೆ. ಬಿಸ್ಕತ್ತಲ್ಲ, ಒಣಮೀನೂ ಅಲ್ಲ. ಅಷ್ಟು ಹೇಳುತ್ತೇನೆ. ಉಳಿದದ್ದು ನನ್ನ ಮತ್ತು ಮಾರ್ಕೆಟ್ಟಿನ ಕಟುಕನ ನಡುವೆ ಇರಲಿ.

ಸೀಟಿಯದ್ದೇ ಒಂದು ಪ್ರಹಸನವಾಯಿತು. ಮೊದಲು ಪಿ.ಟಿ. ಮಾಸ್ತರರ ಸ್ಟೀಲ್ ಸೀಟಿ ಬಳಸುತ್ತಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಚಿಗರಿ ಪಡಸಾಲೆಯ ನಡುವೆ ಕಂಬದಂತೆ ನಿಂತುಬಿಡುವಳು. ನಮ್ಮದು ಮುಗಿಯಿತೆನ್ನುವಷ್ಟರಲ್ಲಿ ಪಕ್ಕದ ಮನೆಯದು. ಬೇಳೆ ಬೇಯುವವರೆಗೆ ನಾಯಿ ಅಲುಗುತ್ತಿರಲಿಲ್ಲ! ಕೊನೆಗೆ ಕೆಲಗೇರಿ ಕಡೆ ಕುರಿ ಮೇಯಿಸುವ ಅಜ್ಜನೊಬ್ಬ ಎರಡು ಬೆರಳು ಬಾಯೊಳಗಿಟ್ಟು ಊದುವುದನ್ನು ಕಲಿಸಿದ. ಹದಿನೈದು ದಿನ ಬರೀ ಜೊಲ್ಲು ಬಂತು. ‘ಬರೇ ಪುಸ್ತಕ ಬರದ್ರ ಹೆಂಗ್ರೀ’ ಎಂದು ನಕ್ಕ. ಅವನೇ ಇನ್ನೊಂದು ಮಾತು ಹೇಳಿದ್ದು: ‘ಕರದು ಕಟ್ಟಬ್ಯಾಡ್ರಿ. ಕರದು ಬಿಡ್ರಿ.’ ಅಂದರೆ ಹತ್ತು ಸಲ ಕರೆದರೆ ಒಂಬತ್ತು ಸಲ ತುಣುಕು ಕೊಟ್ಟು ಮತ್ತೆ ಓಡಲು ಬಿಡಬೇಕು, ಒಂದೇ ಸಲ ಹಗ್ಗ ಹಾಕಬೇಕು. ಕರೆದ ಕೂಡಲೇ ಆಟ ಮುಗಿಯಿತು ಎಂದಾದರೆ ಯಾವ ನಾಯಿ ಬರುತ್ತದೆ? ಆರು ಸಾವಿರ ತೆಗೆದುಕೊಂಡವನು ಇದನ್ನು ಹೇಳಿರಲಿಲ್ಲ. ಅಜ್ಜ ಒಂದು ಚಹಾಕ್ಕೆ ಹೇಳಿದ.

ನಡುವೆ ಹಳೆಯ ಸೈಕಲ್ಲೊಂದನ್ನು ತಲೆಕೆಳಗು ಮಾಡಿ, ಹಿಂದಿನ ರಿಮ್ಮಿಗೆ ಇನ್ನೂರು ಅಡಿ ದಾರ ಸುತ್ತಿ, ತುದಿಗೆ ಆಡಿನ ಚರ್ಮದ ತುಂಡು ಕಟ್ಟಿ, ಪೆಡಲ್ ತಿರುಗಿಸಿ ಮೊಲ ಓಡಿಸುವ ಯಂತ್ರ ಮಾಡಿದ್ದೆ. ಮೂರು ದಿನ ಚೆನ್ನಾಗಿ ನಡೆಯಿತು. ನಾಲ್ಕನೆಯ ದಿನ ಅವಳು ಚರ್ಮ ಬಿಟ್ಟು ನೇರ ಸೈಕಲ್ಲಿಗೇ ಬಂದು ಬಿದ್ದಳು, ಕಡ್ಡಿಗಳು ಬಾಗಿದವು. ಹಾಗೆಯೇ ಊಟದ ಪ್ರಯೋಗ. ಬರೀ ಜೋಳದ ನುಚ್ಚು, ಹಾಲು ಹಾಕಿ ನೋಡಿದೆ, ಹೊಟ್ಟೆ ಕೆಟ್ಟಿತು. ಹಾಲಿನ ಬದಲು ಮಜ್ಜಿಗೆ, ಮೇಲೊಂದು ಮೊಟ್ಟೆ ಎಂದ ಮೇಲೆ ಸರಿಹೋಯಿತು. ಬೆನ್ನೆಲುಬು, ಪಕ್ಕೆ ಕಾಣುತ್ತವೆಂದು ನೆಂಟರು ಮರುಗುತ್ತಾರೆ. ಕಾಣಲಿ, ಅದು ಮುಧೋಳ.

ಪರೀಕ್ಷೆ ನಡೆದದ್ದು 2021ರ ಚಳಿಗಾಲ ಮುಗಿಯುವಾಗ. ಕಡಲೆ ಕಿತ್ತ ಹೊಲ, ಬೆಳಗಿನ ಏಳು ಗಂಟೆ. ಅವತ್ತು ಮೊದಲ ಸಲ ಹಗ್ಗ ಬಿಚ್ಚಿದ್ದೆ. ಬದುವಿನ ಹುಲ್ಲಿನಿಂದ ಮೊಲ ಎದ್ದಿತು, ನಲವತ್ತು ಹೆಜ್ಜೆ ದೂರ ಇರಬಹುದು. ಹಿಂದೆ ಈ ನಾಯಿಗಳನ್ನು ಮೊಲದ ಬೇಟೆಗೇ ಸಾಕುತ್ತಿದ್ದರು. ಈಗ ಅದು ಕೇಸಾಗುವ ಕೆಲಸ, ನನಗೂ ಬೇಡ. ಚಿಗರಿಯ ಕಿವಿ ಎದ್ದಿತು, ಬಲಗಾಲು ಮೇಲಾಯಿತು. ಬೆರಳು ಬಾಯಿಗಿಟ್ಟೆ. ಬಾಯಿ ಒಣಗಿ ಮೊದಲ ಸಲ ಬರೀ ಗಾಳಿ ಬಂತು. ಎರಡನೆಯದಕ್ಕೆ ಸೀಟಿ ಹತ್ತಿತು. ಅಷ್ಟರಲ್ಲಿ ಅವಳು ನಾಲ್ಕು ನೆಗೆತ ಹಾರಿಯಾಗಿತ್ತು. ನಿಂತಳು. ಕೆಂಪು ಹೆಂಟೆಗಳ ಮೇಲೆ ಕಾಲು ಜಾರಿ ಅರ್ಧ ಸುತ್ತು ತಿರುಗಿ ನಿಂತಳು. ಮೊಲ ಹೋದ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು. ಎರಡು ಚಿಕ್ಕ ಸೀಟಿ ಹೊಡೆದೆ, ಅಂದರೆ ‘ಬಾ’. ಬಂದಳು. ಜೇಬಿನಲ್ಲಿದ್ದದ್ದನ್ನೆಲ್ಲ ಅಲ್ಲೇ ನೆಲಕ್ಕೆ ಸುರಿದೆ, ಮತ್ತೆ ಬಿಟ್ಟೆ. ಅಂದು ಮನೆಗೆ ಬಂದವನು ಮೋತಿಯ ಹಳೆಯ ಕೊರಳಪಟ್ಟಿಯನ್ನು ಡ್ರಾಯರಿನಿಂದ ತೆಗೆದು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ಕೂತಿದ್ದೆ.

ಮರಿ ಕೊಟ್ಟವನಿಗೆ ವಿಡಿಯೊ ಕಳಿಸಿದೆ. ‘ಇದು ನಮ್ಮ ಮರಿ ಅಲ್ಲರೀ’ ಅಂದ. ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಮುಧೋಳದ ಹೆಸರೆತ್ತಿದ ಮೇಲೆ ಅವನ ದರ ಏರಿತ್ತು, ಮಾತೂ ಏರಿತ್ತು. ಹೋದ ತಿಂಗಳು ಅವನೇ ಫೋನ್ ಮಾಡಿ ಸೀಟಿ ಕಲಿಸುವುದು ಹೇಗೆ ಎಂದು ಕೇಳಿದ.

ಹತ್ತನೆಯದು ಮಂಗ. ಮಂಗ ಕಂಡರೆ ಅವಳಿಗೆ ಆ ಮೂರು ಸೆಕೆಂಡೇ ಇಲ್ಲ, ನಿಲ್ಲದೆ ನೇರ ಹೋಗುತ್ತಾಳೆ. ಸೀಟಿ ಅಂಟಿಸಲು ಜಾಗವೇ ಸಿಗುವುದಿಲ್ಲ. ಹೀಗಾಗಿ ಮಾವಿನ ತೋಪಿನ ಹತ್ತಿರ ಬಂದ ಕೂಡಲೇ ಹಗ್ಗ ಹಾಕುತ್ತೇನೆ, ಅದೇ 180 ರೂಪಾಯಿಯದ್ದು, ಈಗ ಎರಡು ಕಡೆ ಗಂಟು ಬಿದ್ದಿದೆ.