ಸೂರ್ಯಘರ್ ಸಹಾಯಧನ: ಮೊದಲು ಆರ್‌ಆರ್ ನಂಬರ್, ಆಮೇಲೆ ಪ್ಯಾನೆಲ್

ಮನೆ ತಾರಸಿಗೆ ಸೋಲಾರ್ ಹಾಕಿಸುವ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನದ ಲೆಕ್ಕ ಊರಲ್ಲಿ ಎಲ್ಲರಿಗೂ ಬಾಯಿಪಾಠ: 1 ಕಿಲೋವ್ಯಾಟ್‌ಗೆ 30,000 ರೂಪಾಯಿ, 2ಕ್ಕೆ 60,000, 3 ಅಥವಾ ಅದಕ್ಕಿಂತ ಹೆಚ್ಚಾದರೆ 78,000. ಆದರೆ ಈ ಹಣ ಬರುವುದು ಪ್ಯಾನೆಲ್ ಕೂತು, ನೆಟ್ ಮೀಟರ್ (ಬಳಸಿದ್ದನ್ನೂ ಲೈನಿಗೆ ಕೊಟ್ಟದ್ದನ್ನೂ ಅಳೆಯುವ ಮೀಟರ್) ಬಿದ್ದು, ಎಸ್ಕಾಂನವರು (ವಿದ್ಯುತ್ ಸರಬರಾಜು ಕಂಪನಿ) ತಪಾಸಣೆ ಮುಗಿಸಿದ ಮೇಲೆ. ಅಲ್ಲಿಯವರೆಗಿನ ಖರ್ಚು ಮನೆಯವರದೇ. ಪಂಚಾಯ್ತಿ ಮಟ್ಟದಲ್ಲಿ ಅರ್ಜಿ ಹಾಕಿಸುವಾಗ ಕಂಡದ್ದು ಇಷ್ಟು: ಪ್ಯಾನೆಲ್ ಕೂರಿಸಲು ಎರಡು ದಿನ, ಬಿಲ್ಲಿನ ಹೆಸರು ಸರಿಮಾಡಲು ಎರಡು ತಿಂಗಳು.

ಹಳ್ಳಿಯಲ್ಲಿ ಅರ್ಧಕ್ಕರ್ಧ ಆರ್‌ಆರ್ ನಂಬರುಗಳು (ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) ತೀರಿಕೊಂಡ ಅಜ್ಜನ ಹೆಸರಿನಲ್ಲೋ ಅಪ್ಪನ ಹೆಸರಿನಲ್ಲೋ ಇರುತ್ತವೆ. ಮೊದಲು ಹೆಸರು ಬದಲಾವಣೆಗೆ ಅರ್ಜಿ ಕೊಡಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಇ-ಸ್ವತ್ತು ಖಾತೆ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಬಾಕಿ ಇಲ್ಲದ ಬಿಲ್ಲು, ಇವಿಷ್ಟನ್ನೂ ಒಟ್ಟಿಗೆ ಇಟ್ಟರೆ ಒಂದೇ ಓಡಾಟಕ್ಕೆ ಮುಗಿಯುತ್ತದೆ. ವಾರಸುದಾರರ ಒಪ್ಪಿಗೆಯಲ್ಲೇ ಹೆಚ್ಚು ಕಡತ ನಿಲ್ಲುವುದು. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯೂ ಬೇಕು, ಹಬ್ಬಕ್ಕೆ ಬಂದಾಗಲೇ ಹಾಕಿಸಿಕೊಂಡುಬಿಡಿ. ಇನ್ನೊಂದು, ಅಕ್ಷರ ದೋಷ. ಬಿಲ್ಲಿನಲ್ಲಿ ಇನಿಶಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಪಾಸ್‌ಬುಕ್ಕಿನಲ್ಲಿ ಇನಿಶಿಯಲ್ಲೇ ಇಲ್ಲ. ಮೂರನ್ನೂ ಪಕ್ಕಪಕ್ಕ ಇಟ್ಟು ಓದದೆ ಪೋರ್ಟಲ್ ತೆರೆಯಬೇಡಿ. ಅರ್ಜಿಯೇನೋ ಹೋಗುತ್ತದೆ, ಸಿಕ್ಕಿಬೀಳುವುದು ಕೊನೆಗೆ, ಹಣ ಖಾತೆಗೆ ಬರಬೇಕಾದಾಗ.

ಯಾರಿಗೆ ಹಾಕಿಸಬೇಕು ಎನ್ನುವುದು ಇದಕ್ಕಿಂತ ದೊಡ್ಡ ಪ್ರಶ್ನೆ. ತಿಂಗಳಿಗೆ 60 ಯೂನಿಟ್ ಉರಿಸುವ ಮನೆಗೆ ಗೃಹಜ್ಯೋತಿಯಿಂದ ಬಿಲ್ಲೇ ಸೊನ್ನೆ. ಅವರಿಗೆ ಸೋಲಾರ್ ಮಾರುವುದು ಸಾಲ ಹೊರಿಸಿದ ಹಾಗೆ, ನಾವು ಹಾಕಿಸುವುದಿಲ್ಲ. 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವ ಮನೆಗಳೇ ಗುರಿ. ನಮ್ಮ ಕಡೆ 1 ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ಮಳೆಗಾಲದಲ್ಲಿ ಇನ್ನೂ ಕಮ್ಮಿ. 3 ಕಿಲೋವ್ಯಾಟ್‌ಗೆ ತಿಂಗಳಿಗೆ 350 ಯೂನಿಟ್ ಹಿಡಿಯಿರಿ. ಅಷ್ಟನ್ನೂ ಮನೆಯಲ್ಲೇ ಬಳಸಿದರೆ, ಯೂನಿಟ್‌ಗೆ 6 ರೂಪಾಯಿಯಂತೆ ತಿಂಗಳಿಗೆ 2,100 ಉಳಿತಾಯ. ಕೊಟೇಶನ್ 1.8ರಿಂದ 2.1 ಲಕ್ಷದೊಳಗೆ ಬಂದಿವೆ. ಸಹಾಯಧನ ಕಳೆದರೆ ಹಾಕಿದ ದುಡ್ಡು ತಿರುಗಲು ನಾಲ್ಕೈದು ವರ್ಷ. ಹಿಟ್ಟಿನ ಗಿರಣಿ, ಅಂಗಡಿಗಳ ಸಂಪರ್ಕಕ್ಕೆ ಈ ಸಹಾಯಧನ ಇಲ್ಲ, ಗೃಹಬಳಕೆಗೆ ಮಾತ್ರ.

ತೋಟದ ಮನೆಯವರು ಕೇಳಿದರೆ ಮೊದಲು ಫೀಡರ್ (ಕರೆಂಟು ಬರುವ ಮುಖ್ಯ ಲೈನ್) ಯಾವುದು ನೋಡಿ. ಮನೆಗಳಿಗೆ ದಿನವಿಡೀ ಕರೆಂಟು ಕೊಡುವ ನಿರಂತರ ಜ್ಯೋತಿ ಫೀಡರ್‌ನಲ್ಲಿದ್ದರೆ ಸರಿ. ಪಂಪ್‌ಸೆಟ್ ಫೀಡರ್‌ನಲ್ಲಿದ್ದರೆ ಹಗಲು ಲೈನ್ ಹೋದ ಗಂಟೆಗಳಲ್ಲೆಲ್ಲ ಆನ್‌ಗ್ರಿಡ್ (ಬ್ಯಾಟರಿ ಇಲ್ಲದೆ ಲೈನಿಗೇ ಜೋಡಿಸಿದ) ಇನ್ವರ್ಟರ್ ಸುಮ್ಮನೆ ಕೂರುತ್ತದೆ. ಲೈನ್‌ಮನ್ ಕಂಬ ಹತ್ತಿದಾಗ ನಿಮ್ಮ ಮನೆಯ ಕರೆಂಟು ತಂತಿಗೆ ವಾಪಸ್ ಹರಿಯಬಾರದೆಂದು ಅದನ್ನು ಮಾಡಿರುವುದೇ ಹಾಗೆ. 'ನಮ್ಮದೇ ಕರೆಂಟು' ಎಂದು ಹಾಕಿಸಿಕೊಂಡವರು ಮೊದಲ ಪವರ್ ಕಟ್‌ಗೇ ಫೋನ್ ಮಾಡುತ್ತಾರೆ, ಆದ್ದರಿಂದ ಇದನ್ನು ಮುಂಚೆಯೇ ಬಾಯಿಬಿಟ್ಟು ಹೇಳಿ. ಬ್ಯಾಟರಿ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಬೇಕು, ಬ್ಯಾಟರಿಯ ಖರ್ಚಿಗೆ ಸಹಾಯಧನ ಇಲ್ಲ.

ಟ್ರಾನ್ಸ್‌ಫಾರ್ಮರ್ ಲೆಕ್ಕವನ್ನು ಯಾರೂ ಹಾಕುವುದಿಲ್ಲ. 25 ಕೆವಿಎ ಟ್ರಾನ್ಸ್‌ಫಾರ್ಮರ್ ಎಂದರೆ ಒಂದು ಫೇಸ್‌ಗೆ ಸುಮಾರು 8 ಕೆವಿಎ (ಇಲ್ಲಿ ಹೆಚ್ಚುಕಮ್ಮಿ ಕಿಲೋವ್ಯಾಟ್ ಎಂದೇ ಹಿಡಿಯಿರಿ). ಒಂದೇ ಬೀದಿಯ ಮೂರು ಮನೆ ಒಂದೇ ಫೇಸ್‌ನಲ್ಲಿ 3 ಕಿಲೋವ್ಯಾಟ್ ಹಾಕಿದರೆ ಆಗಲೇ ಮೀರಿತು. ಎಲ್ಲರೂ ಹೊಲಕ್ಕೆ ಹೋಗಿ ಮನೆ ಖಾಲಿ ಇರುವ ಮಧ್ಯಾಹ್ನ 12ಕ್ಕೆ ವೋಲ್ಟೇಜ್ ಏರುತ್ತದೆ, ಲೈನಿನ ಕೊನೆಯ ಮನೆಯ ಇನ್ವರ್ಟರ್ ಕೆಂಪು ದೀಪ ತೋರಿಸಿ ಆಫ್ ಆಗುತ್ತದೆ, ಐದು ನಿಮಿಷಕ್ಕೆ ಮತ್ತೆ ಶುರು, ಮತ್ತೆ ಆಫ್. ಬೈಗುಳ ತಿನ್ನುವುದು ಪ್ಯಾನೆಲ್. ಕೆಲಸ ಶುರುವಾಗುವ ಮೊದಲೇ ಮಧ್ಯಾಹ್ನ ಮಲ್ಟಿಮೀಟರ್ ಹಿಡಿದು ಮನೆಯ ವೋಲ್ಟೇಜ್ ನೋಡಿ. ಈಗಲೇ 245 ದಾಟಿದ್ದರೆ ಲೈನ್‌ಮನ್ ಜೊತೆ ಕೂತು ಮನೆಗಳನ್ನು ಮೂರು ಫೇಸ್‌ಗೆ ಹಂಚಿಸಿ. ಕಂಬದಿಂದ ಬರುವ ಹಳೆಯ ಸಣಕಲು ಸರ್ವಿಸ್ ವೈರನ್ನೂ ಬದಲಿಸಿ. ಬಹಳ ಸಲ ಅಷ್ಟಕ್ಕೇ ತೊಂದರೆ ನಿಂತಿದೆ.

ಸಾಮಾನಿನ ವಿಷಯ. 3 ಕಿಲೋವ್ಯಾಟ್‌ಗೆ 540 ವ್ಯಾಟಿನ 6 ಪ್ಯಾನೆಲ್, ನೆರಳಿಲ್ಲದ ಸುಮಾರು 300 ಚದರಡಿ ತಾರಸಿ, ದಕ್ಷಿಣಕ್ಕೆ 12–15 ಡಿಗ್ರಿ ಓರೆ. ಮಧ್ಯಾಹ್ನ ಮೂರಕ್ಕೆ ತೆಂಗಿನ ಗರಿಯ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಆ ಸಾಲಿನ ಉತ್ಪಾದನೆ ಇಳಿಯುತ್ತದೆ. ಪ್ಯಾನೆಲ್ ಡಿಸಿಆರ್ ಆಗಿರಲೇಬೇಕು, ಅಂದರೆ ಸೆಲ್ ಕೂಡ ಭಾರತದಲ್ಲೇ ತಯಾರಾದದ್ದು. ಅಗ್ಗಕ್ಕೆ ಸಿಗುವ ಬೇರೆ ಪ್ಯಾನೆಲ್ ಹಾಕಿದರೆ ಸಹಾಯಧನ ಹೋಯಿತು. ಲಾರಿಯಿಂದ ಇಳಿಸುವಾಗಲೇ ಪ್ರತಿಯೊಂದರ ಸೀರಿಯಲ್ ನಂಬರ್ ಫೋಟೊ ತೆಗೆದು, ಅರ್ಜಿಯಲ್ಲಿ ಹಾಕುವ ನಂಬರ್ ಜೊತೆ ತಾಳೆ ನೋಡಿ. ಅರ್ತ್ ಗುಂಡಿ ಮೂರು: ಡಿಸಿಗೆ ಒಂದು, ಎಸಿಗೆ ಒಂದು, ಸಿಡಿಲು ತಡೆಗೆ ಒಂದು. ಮೂರನ್ನೂ ಒಂದೇ ಗುಂಡಿಗೆ ಸುತ್ತಿಹೋಗುವ ಕೆಲಸಗಾರರಿದ್ದಾರೆ, ಸಿಡಿಲಿಗೆ ಮೊದಲು ಇನ್ವರ್ಟರ್ ಹೋಗುತ್ತದೆ. ಒಣ ಕೆಂಪು ಮಣ್ಣಿನಲ್ಲಿ ಗುಂಡಿಗೆ ಬೆಂಟೋನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ತುಂಬಿಸಿ. ಬೋರ್‌ವೆಲ್ ಗಡಸು ನೀರಿನಲ್ಲಿ ತೊಳೆದರೆ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಮಳೆನೀರು ಹಿಡಿದಿಟ್ಟು ಬೆಳಗ್ಗೆ ಬಿಸಿಲೇರುವ ಮುನ್ನ ತೊಳೆಯಿರಿ. ಹಣ ಕೊಡುವಾಗ ಶೇ 15ರಷ್ಟನ್ನು ನೆಟ್ ಮೀಟರ್ ಕೂರುವವರೆಗೆ ಹಿಡಿದಿಡಿ. ಅದೊಂದಿದ್ದರೆ ವೆಂಡರ್ ಕರೆದಾಗ ಬರುತ್ತಾರೆ.

ಇನ್ನು ಪಂಚಾಯ್ತಿಗೆ ಏನು ಸಿಗುತ್ತದೆ? ತನ್ನ ವ್ಯಾಪ್ತಿಯಲ್ಲಿ ಪ್ಯಾನೆಲ್ ಕೂತ ಪ್ರತಿ ಮನೆಗೆ 1,000 ರೂಪಾಯಿ ಪ್ರೋತ್ಸಾಹಧನ. ದೊಡ್ಡದು ಮಾದರಿ ಸೌರ ಗ್ರಾಮ: ಜಿಲ್ಲೆಗೆ ಒಂದು ಊರಿಗೆ 1 ಕೋಟಿ ರೂಪಾಯಿ ಅನುದಾನ. ಜನಸಂಖ್ಯೆ 5,000 ದಾಟಿದ ಕಂದಾಯ ಗ್ರಾಮವಾಗಿರಬೇಕು, ಜಿಲ್ಲಾ ಸಮಿತಿ ಪಟ್ಟಿಗೆ ಸೇರಿಸಬೇಕು. ಹೆಸರು ಪ್ರಕಟವಾದ ಆರು ತಿಂಗಳಿಗೆ ಯಾವ ಊರಲ್ಲಿ ಒಟ್ಟು ಸಾಮರ್ಥ್ಯ ಹೆಚ್ಚಿದೆಯೋ ಆ ಊರು ಗೆಲ್ಲುತ್ತದೆ. ಮೇಲಿನ ಹೆಸರು ಬದಲಾವಣೆಗೇ ಎರಡು ತಿಂಗಳು ಹೋಗುವುದನ್ನು ಇಲ್ಲಿ ಕೂಡಿಸಿ ನೋಡಿ. ಪಟ್ಟಿ ಬರುವ ಮುಂಚೆಯೇ ವಾರ್ಡುವಾರು ಬಿಲ್ ಕಲೆಕ್ಟರ್ ಕೈಲಿ 200 ಯೂನಿಟ್ ಮೀರಿದ ಮನೆಗಳ ಯಾದಿ ಮಾಡಿಸಿ, ಹೆಸರಿನ ತೊಡಕು ಬಿಡಿಸಿಟ್ಟುಕೊಂಡ ಊರೇ ಆರು ತಿಂಗಳಲ್ಲಿ ಏನಾದರೂ ಮಾಡಬಲ್ಲದು.

ಪಂಚಾಯ್ತಿಯ ಸ್ವಂತ ಹೊರೆ ಬೀದಿದೀಪ ಮತ್ತು ನೀರಿನ ಪಂಪು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು, ಉಳಿದ ಶೇ 40 ಮುಕ್ತ. ಆದ್ದರಿಂದ ಪಂಪಿನ ಸೋಲಾರನ್ನೂ ಬೀದಿದೀಪವನ್ನೂ ಒಂದೇ ಕ್ರಿಯಾಯೋಜನೆಯ ಸಾಲಿನಲ್ಲಿ ಬರೆದರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ, ಬೇರೆಬೇರೆ ಮಾಡಿ. ಬೀದಿದೀಪಕ್ಕೆ ಸೋಲಾರ್ ಕಂಬ ನೆಡುವ ಮೊದಲು ಇರುವ ದೀಪಗಳಿಗೆ ಟೈಮರ್ ಸ್ವಿಚ್ ಹಾಕಿಸಿ, ಒಂದು ತಿಂಗಳು ಬಿಲ್ ನೋಡಿ. ಹಗಲೂ ಉರಿಯುತ್ತಿದ್ದ ದೀಪಗಳ ಲೆಕ್ಕ ಆಗ ಸಿಗುತ್ತದೆ, ಬೇಕಾದ ಕಂಬಗಳ ಸಂಖ್ಯೆಯೂ ಇಳಿಯುತ್ತದೆ.