ಮೂವತ್ತೊಂಬತ್ತು ಅಂದರೆ ಜ್ವರ ಅಂತ ಯಾರಿಗೆ ಗೊತ್ತು?

ರಾಯಚೂರಿನಲ್ಲಿ ನನ್ನ ಮೊದಲ ಬೇಸಿಗೆ. ನಾನು ಹಾಸನದ ಕಡೆಯವಳು, ಆ ಬಿಸಿಲು ನನಗೇ ಹೊಸದು. ಮಕ್ಕಳ ವಾರ್ಡಿನಲ್ಲಿ ಮಧ್ಯಾಹ್ನದ ಡ್ಯೂಟಿ. ಒಂದು ವರ್ಷದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಅಜ್ಜಿಯೊಬ್ಬರು ಬಂದರು. ಕಂಕುಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟೆ, ಬೀಪ್ ಅಂತು, 39.2. ಓದಿ ಹೇಳಿದೆ. ಅಜ್ಜಿಯ ಮುಖದಲ್ಲಿ ಆತಂಕ ಕಾಣಲಿಲ್ಲ, ಸಮಾಧಾನ ಕಂಡಿತು.

"ಹೊರಗ ನಲವತ್ತೊಂದು ಬಿಸಲ ಅದ ಅಂತ ಟಿವಿಯಾಗ ಹೇಳ್ಯಾರ. ಕೂಸಿಂದು ಮೂವತ್ತೊಂಬತ್ತೇ. ಬಿಸಲಕಿಂತ ಕಡಿಮೀನೇ ಅದಲ್ರೀ ಸಿಸ್ಟರ್!"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಲೆಕ್ಕ ನೋಡಿದರೆ ಅವರು ಹೇಳಿದ್ದರಲ್ಲಿ ತಪ್ಪೇ ಇಲ್ಲ. ಆಮೇಲೆ "ಅವ್ವಾ, ನೂರಾ ಎರಡೂವರೆ ಜ್ವರ ಅದ" ಅಂದೆ. "ಅಯ್ಯ ಶಿವನೇ" ಅಂತ ಅಲ್ಲೇ ಕುಸಿದು ಕೂತರು. ಅದೇ ಕೂಸು, ಅದೇ ಜ್ವರ, ಹೇಳಿದ ಅಂಕಿ ಮಾತ್ರ ಬೇರೆ.

ನಮ್ಮಲ್ಲಿ ಹಾಗೇ. ಬಿಸಿಲು, ಚಳಿ, ಎಸಿ, ಫ್ರಿಜ್ ಎಲ್ಲ ಸೆಲ್ಸಿಯಸ್‌ನಲ್ಲಿ. ಜ್ವರ ಮಾತ್ರ ಫ್ಯಾರನ್‌ಹೀಟ್‌ನಲ್ಲಿ. "ನೂರು ದಾಟಿದೆ" ಅಂದರೆ ಮನೆಮಂದಿಗೆಲ್ಲ ಅರ್ಥವಾಗುತ್ತದೆ, ಯಾವ ಮಾಪಕ ಅಂತ ಯಾರೂ ಕೇಳುವುದಿಲ್ಲ. ಆಸ್ಪತ್ರೆಯೊಳಗೆ ಎರಡೂ ಒಂದೇ ಮಂಚದ ಪಕ್ಕದಲ್ಲಿ ಬಂದು ನಿಲ್ಲುತ್ತವೆ. ನವಜಾತ ಶಿಶುವಿನ ವಾರ್ಮರ್ ಅನ್ನು 36.5ಕ್ಕೆ ಸೆಟ್ ಮಾಡಿರುತ್ತೇವೆ, ತಾಯಿಯ ಚಾರ್ಟಿನಲ್ಲಿ 99 ಅಂತ ಬರೆದಿರುತ್ತೇವೆ. ಹುಟ್ಟಿದ ಕೂಸಿನ ಮೈ 36.5ರಿಂದ 37.5ರ ಒಳಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಮನೆಗೆ ಹೋಗುವಾಗ ತಾಯಿ ಕೈಯಲ್ಲಿರುವ ಥರ್ಮಾಮೀಟರ್ ತೋರಿಸುವುದು 97.7, 99.5.

ನರ್ಸಿಂಗ್ ಓದುವಾಗ ಸೂತ್ರ ಬಾಯಿಪಾಠ ಮಾಡಿದ್ದೆ: ಸೆಲ್ಸಿಯಸ್ ಅಂಕಿಯನ್ನು ಒಂಬತ್ತರಿಂದ ಗುಣಿಸು, ಐದರಿಂದ ಭಾಗಿಸು, ಮೂವತ್ತೆರಡು ಕೂಡಿಸು. ಪರೀಕ್ಷೆಗೆ ಸರಿ. ರಾತ್ರಿ ಎರಡು ಗಂಟೆಗೆ, ಒಂದು ಕೈಯಲ್ಲಿ ಡ್ರಿಪ್ ಬಾಟಲಿ, ಇನ್ನೊಂದು ಕೈಯಲ್ಲಿ ಅಳುವ ಮಗು ಇರುವಾಗ ಒಂಬತ್ತರ ಮಗ್ಗಿ ಯಾರಿಗೆ ನೆನಪಾಗುತ್ತದೆ?

ಆ ಅಜ್ಜಿ ಬಂದುಹೋದ ರಾತ್ರಿ, ಸ್ವಲ್ಪ ಬಿಡುವಾದಾಗ, ರಿಜಿಸ್ಟರಿನ ಹಿಂದಿನ ಪುಟದಲ್ಲಿ ಅರ್ಧರ್ಧ ಡಿಗ್ರಿ ಬಿಟ್ಟು ಬರೆಯುತ್ತ ಹೋದೆ. 37ಕ್ಕೆ 98.6. ಮೂವತ್ತೇಳೂವರೆಗೆ 99.5. 38ಕ್ಕೆ 100.4. ಮೂವತ್ತೆಂಟೂವರೆಗೆ 101.3. 39ಕ್ಕೆ 102.2. ಮೂವತ್ತೊಂಬತ್ತೂವರೆಗೆ 103.1. 40ಕ್ಕೆ ಸರಿಯಾಗಿ 104. ಬರೆದು ಮುಗಿಸಿ ನೋಡಿದರೆ ಪಾಯಿಂಟ್ ಆದಮೇಲಿನ ಅಂಕಿಗಳು ಸಾಲಾಗಿ ಇಳಿಯುತ್ತಿವೆ: ಆರು, ಐದು, ನಾಲ್ಕು, ಮೂರು, ಎರಡು, ಒಂದು, ಸೊನ್ನೆ. ಪಾಯಿಂಟಿನ ಎಡಗಡೆ ಒಂದೊಂದೇ ಏರುತ್ತಿದೆ, ಬಲಗಡೆ ಒಂದೊಂದೇ ಇಳಿಯುತ್ತಿದೆ. ಅರ್ಧ ಡಿಗ್ರಿ ಸೆಲ್ಸಿಯಸ್ ಅಂದರೆ 0.9 ಡಿಗ್ರಿ ಫ್ಯಾರನ್‌ಹೀಟ್. ಅಂದರೆ ಒಂದು ಕೂಡಿಸಿ ಒಂದು ಪಾಯಿಂಟ್ ಕಳೆದ ಹಾಗೆ, ಅಷ್ಟೇ ಗುಟ್ಟು. ಕೆಳಗಿಳಿಯುವಾಗ ಇದರ ತಿರುಗುಮುರುಗು: 97.7, 96.8, 95.9, ಮತ್ತೆ ಮೂವತ್ತೈದಕ್ಕೆ ಸರಿಯಾಗಿ 95. ಇಷ್ಟು ವರ್ಷ ಯಾವ ಮೇಷ್ಟ್ರೂ ಇದನ್ನು ಹೇಳಿಕೊಡಲಿಲ್ಲವಲ್ಲ ಅಂತ ಸ್ವಲ್ಪ ಸಿಟ್ಟೂ ಬಂತು. ನಾನು ಇದಕ್ಕೆ ಏಣಿ ಅಂತ ಹೆಸರಿಟ್ಟೆ.

ಏಣಿಯ ಎರಡು ಮೆಟ್ಟಿಲ ನಡುವೆ ಬಂದರೆ ಏನು ಮಾಡೋದು? ಇಲ್ಲಿ ಹಳೆಯ ಗಾಜಿನ ಥರ್ಮಾಮೀಟರ್ ಕೈಹಿಡಿಯಿತು. ಅದರಲ್ಲಿ ಒಂದು ಡಿಗ್ರಿ ಫ್ಯಾರನ್‌ಹೀಟ್ ಅನ್ನು ಐದು ಸಣ್ಣ ಗೆರೆಗಳಾಗಿ ಒಡೆದಿರುತ್ತಾರೆ, ಒಂದು ಗೆರೆ 0.2. ಸೆಲ್ಸಿಯಸ್‌ನ ಒಂದು ಪಾಯಿಂಟ್, ಅಂದರೆ 0.1, ಅತ್ತ ಕಡೆ 0.18. ಹೆಚ್ಚುಕಡಿಮೆ ಒಂದು ಗೆರೆ. ಅಜ್ಜಿಯ ಕೂಸಿನ 39.2 ತೆಗೆದುಕೊಳ್ಳಿ. ಮೆಟ್ಟಿಲು 39ಕ್ಕೆ 102.2, ಅದರ ಮೇಲೆ ಎರಡು ಗೆರೆ, 102.6. ಸೂತ್ರ ಹಾಕಿದರೆ 102.56 ಬರುತ್ತದೆ. ಕಂಕುಳಲ್ಲಿಟ್ಟ ಥರ್ಮಾಮೀಟರ್‌ಗೆ ಅದಕ್ಕಿಂತ ನಿಖರತೆ ಬೇಕಿಲ್ಲ.

ಪಾಯಿಂಟುಗಳ ಬಗ್ಗೆ ಜನಕ್ಕೆ ಇರುವ ಭಯಭಕ್ತಿ ನೋಡಿದರೆ ನಗು ಬರುತ್ತದೆ. 98.9 ಇದೆ, ನಾರ್ಮಲ್‌ಗಿಂತ ಮೂರು ಪಾಯಿಂಟ್ ಜಾಸ್ತಿ ಅಂತ ಬೆಳಗ್ಗೆ ಬೆಳಗ್ಗೆ ಓಡಿಬಂದವರನ್ನು ಕಂಡಿದ್ದೇನೆ. ಆ 98.6 ಮೂಲತಃ ಫ್ಯಾರನ್‌ಹೀಟ್ ಅಂಕಿಯೇ ಅಲ್ಲ. ಜರ್ಮನಿಯ ಲೈಪ್‌ಜಿಗ್‌ನ ವೈದ್ಯ ಕಾರ್ಲ್ ವುಂಡರ್‌ಲಿಖ್ ಸುಮಾರು 25,000 ರೋಗಿಗಳ ಕಂಕುಳ ತಾಪ ಅಳೆದು 1868ರಲ್ಲಿ ಪುಸ್ತಕ ಬರೆದರು. ಅವರು ಕೊಟ್ಟದ್ದು 37 ಎನ್ನುವ ದುಂಡು ಅಂಕಿ. ಅದನ್ನು ಫ್ಯಾರನ್‌ಹೀಟ್‌ಗೆ ಬದಲಿಸಿದಾಗ ಬಾಲದಲ್ಲಿ ಪಾಯಿಂಟ್ ಆರು ಹುಟ್ಟಿಕೊಂಡಿತು. ದುಂಡು ಅಂಕಿಯನ್ನು ಬದಲಿಸಿದರೆ ಹೀಗೇ, ಇಲ್ಲದ ನಿಖರತೆ ಬಂದು ಕೂರುತ್ತದೆ.

ನಾನೇ ಪೆಚ್ಚಾದ ಪ್ರಸಂಗವೂ ಇದೆ. ಪಾದರಸದವು ಹೋಗಿ ಡಿಜಿಟಲ್ ಬಂದ ಹೊಸತು. ಹೊಸದನ್ನು ನಂಬಬಹುದೇ ಅಂತ ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಡಿಜಿಟಲ್ ಥರ್ಮಾಮೀಟರಿನ ತುದಿ ಅದ್ದಿದೆ. ಎರಡರ ನಡುವೆ ಅರ್ಧ ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಬಂತು. ಡಾಕ್ಟರಿಗೆ ಫ್ಯಾರನ್‌ಹೀಟ್‌ನಲ್ಲಿ ಹೇಳೋಣ ಅಂತ ಮೊಬೈಲಿನಲ್ಲಿ 0.5 ಒತ್ತಿದೆ. 32.9 ಅಂತ ತೋರಿಸಿತು. ಎರಡು ಥರ್ಮಾಮೀಟರ್‌ಗಳ ನಡುವೆ ಮೂವತ್ತೆರಡು ಡಿಗ್ರಿ ವ್ಯತ್ಯಾಸ! ಬಟ್ಟಲು ಹಿಡಿದುಕೊಂಡು ಹಾಗೇ ನಿಂತೆ. ಆಮೇಲೆ ಹೊಳೆಯಿತು. ಆ ಮೂವತ್ತೆರಡು ಕೂಡಿಸುವುದು ಎರಡು ಮಾಪಕಗಳ ಸೊನ್ನೆ ಬೇರೆ ಬೇರೆ ಕಡೆ ಇರುವುದಕ್ಕೆ. ನೀರು ಹೆಪ್ಪುಗಟ್ಟುವುದು ಸೆಲ್ಸಿಯಸ್‌ನಲ್ಲಿ ಸೊನ್ನೆ, ಫ್ಯಾರನ್‌ಹೀಟ್‌ನಲ್ಲಿ ಮೂವತ್ತೆರಡು. "ಎಷ್ಟಿದೆ" ಅಂತ ಕೇಳಿದರೆ ಕೂಡಿಸಬೇಕು. "ಎಷ್ಟು ಏರಿತು, ಎಷ್ಟು ಇಳಿಯಿತು" ಅಂತ ಕೇಳಿದರೆ ಕೂಡಿಸಬಾರದು, 1.8ರಿಂದ ಗುಣಿಸಿದರೆ ಸಾಕು. ಅರ್ಧಕ್ಕೆ 0.9, ಒಂದಕ್ಕೆ 1.8, ಎರಡಕ್ಕೆ 3.6. ಮೊಬೈಲಿಗೆ ನಾವು ಕೇಳುತ್ತಿರುವುದು ಯಾವುದು ಅಂತ ಗೊತ್ತಾಗುವುದಿಲ್ಲ. ಈಗಲೂ ಹೊಸದಾಗಿ ಸೇರುವ ಹುಡುಗಿಯರಲ್ಲಿ ಅರ್ಧ ಜನ ಇಲ್ಲೇ ಜಾರುತ್ತಾರೆ.

ಮೈಯ ತಾಪ ಬಿಟ್ಟು ಹೊರಗೆ ಬಂದರೆ ಏಣಿ ಸಾಲದು, ಬಾಯಿಲೆಕ್ಕ ಬೇಕು. ಸೆಲ್ಸಿಯಸ್ ಅನ್ನು ಇಮ್ಮಡಿ ಮಾಡು, ಬಂದದ್ದರಲ್ಲಿ ಹತ್ತನೇ ಒಂದು ಪಾಲು ಕಳೆ, ಮೂವತ್ತೆರಡು ಕೂಡಿಸು. ಆವತ್ತಿನ ಬಿಸಿಲು 41: ಎಂಬತ್ತೆರಡು, ಅದರಲ್ಲಿ 8.2 ಹೋದರೆ 73.8, ಮೂವತ್ತೆರಡು ಸೇರಿಸಿ 105.8. ಇದು ಅಂದಾಜಲ್ಲ, ಪಕ್ಕಾ. ಅಜ್ಜಿಗೆ "ಅವ್ವಾ, ಬಿಸಲಿಗೇ ನೂರಾ ಆರು ಜ್ವರ ಬಂದದ" ಅನ್ನಬಹುದಿತ್ತು, ಆ ಹೊತ್ತಿಗೆ ಹೊಳೆಯಲಿಲ್ಲ. ಫ್ಯಾರನ್‌ಹೀಟ್‌ನಿಂದ ವಾಪಸ್ ಬರುವಾಗ ಮೂವತ್ತೆರಡು ಕಳೆದು, ಅರ್ಧ ಮಾಡಿ, ಅದರ ಹತ್ತನೇ ಒಂದು ಪಾಲು ಸೇರಿಸಬೇಕು. ಇದು ಕೂದಲೆಳೆಯಷ್ಟು ಕಡಿಮೆ ತೋರಿಸುತ್ತದೆ. ಅಮೆರಿಕದಲ್ಲಿರುವ ನಾದಿನಿ ಫೋನಿನಲ್ಲಿ "ಇವತ್ತು ನೂರು ಡಿಗ್ರಿ" ಅಂದಾಗ ನಮ್ಮತ್ತೆ ಫೋನ್ ಕೆಳಗಿಡುವಷ್ಟರಲ್ಲಿ ಲೆಕ್ಕ ಮುಗಿದಿರುತ್ತದೆ: ಅರವತ್ತೆಂಟು, ಮೂವತ್ತನಾಲ್ಕು, 37.4. ನಿಜವಾದದ್ದು 37.8. ರಾಯಚೂರು ನೋಡಿದವಳಿಗೆ ಅದು ತಂಪು.

ವಿಜ್ಞಾನದ ಪಾಠದಲ್ಲಿ ಬರುವ ಮೂರನೇ ಮಾಪಕ ಕೆಲ್ವಿನ್ ಬಗ್ಗೆ ಅಕ್ಕನ ಮಗ ಕೇಳುತ್ತಾನೆ. ಸೆಲ್ಸಿಯಸ್‌ಗೆ 273.15 ಸೇರಿಸಿದರೆ ಮುಗಿಯಿತು. ನನ್ನ ಕೆಲಸದಲ್ಲಿ ಅದು ಕಾಣುವುದು ಎಲ್‌ಇಡಿ ಬಲ್ಬಿನ ಡಬ್ಬದ ಮೇಲೆ ಮಾತ್ರ.

ಇಷ್ಟು ವರ್ಷದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಲೆಕ್ಕವಲ್ಲ, ಅಂಕಿಯ ಪಕ್ಕದ ಪುಟ್ಟ ಅಕ್ಷರ. ಮೈಯ ವಿಷಯದಲ್ಲಿ ಅಕ್ಷರ ಬಿಟ್ಟುಹೋದರೂ ನಡೆಯುತ್ತದೆ. ಮೂವತ್ತರ ಮೇಲಿದ್ದರೆ ಸೆಲ್ಸಿಯಸ್, ತೊಂಬತ್ತರ ಮೇಲಿದ್ದರೆ ಫ್ಯಾರನ್‌ಹೀಟ್, ಬದುಕಿರುವ ಮನುಷ್ಯನ ಮೈಯಲ್ಲಿ ಇವೆರಡು ಬೆರೆಯುವುದಿಲ್ಲ. ಲಸಿಕೆಯ ಫ್ರಿಜ್ಜಿನಲ್ಲಿ ಹಾಗಲ್ಲ. ಅಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಇರಬೇಕು, ಬೆಳಗ್ಗೆ ಸಂಜೆ ನೋಡಿ ಬರೆಯಬೇಕು.

ನನ್ನ ಜೊತೆ ಇದ್ದ ಹುಡುಗಿಯೊಬ್ಬಳು ವರ್ಗವಾಗಿ ಬೇರೆ ಕಡೆ ಹೋಗಿದ್ದಳು. ಒಂದು ದಿನ ಬೆಳಗ್ಗೆ ಏಳಕ್ಕೇ ಫೋನು.

"ಅಕ್ಕಾ, ಫ್ರಿಜ್ಜು ನಲವತ್ತು ತೋರಿಸ್ತಿದೆ. ರಾತ್ರಿ ಕರೆಂಟ್ ಹೋಗಿತ್ತೇನೋ. ಥರ್ಮೋಸ್ಟಾಟ್ ಪೂರ್ತಿ ತಿರುಗಿಸಿಬಿಡ್ಲಾ, ಐದಕ್ಕೆ ಬರೋವರೆಗೆ?"

"ಥರ್ಮಾಮೀಟರ್ ಹಳೇದೇನೇ?"

"ಇಲ್ಲಕ್ಕ, ಹಳೇದು ಒಡೆದುಹೋಯ್ತು, ನಿನ್ನೆ ಯಾರೋ ಹೊಸದು ತಂದಿಟ್ಟಿದಾರೆ."

"ಬಾಗಿಲು ತೆಗೆದು ಒಳಗೆ ಕೈಯಿಟ್ಟು ನೋಡು. ಬೆಚ್ಚಗಿದೆಯಾ?"

ಒಂದು ಕ್ಷಣ ಮೌನ. "ತಣ್ಣಗೇ ಇದೆ."

"ಅಂಕಿ ಪಕ್ಕದಲ್ಲಿ ಏನು ಬರೆದಿದೆ?"

"ಎಫ್."

ನಲವತ್ತರಲ್ಲಿ ಮೂವತ್ತೆರಡು ಹೋದರೆ ಎಂಟು, ಅರ್ಧ ನಾಲ್ಕು, ಹತ್ತನೇ ಪಾಲು ಸೇರಿಸಿ 4.4. ಲಸಿಕೆ ಹಾಯಾಗಿತ್ತು. ಅವಳು ಹೇಳಿದಂತೆ ಆ ಥರ್ಮಾಮೀಟರ್ ಐದು ತೋರಿಸುವವರೆಗೆ ಕಾದಿದ್ದರೆ ಒಳಗೆ ಮೈನಸ್ ಹದಿನೈದು ಆಗಿರುತ್ತಿತ್ತು. ಹೆಪಟೈಟಿಸ್ ಬಿ ಲಸಿಕೆ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಹೋದರೇ ಹೆಪ್ಪುಗಟ್ಟಿ ಹಾಳಾಗುತ್ತದೆ.

"ನಾಬ್ ಮುಟ್ಟಿದೀಯಾ?"

"ಇಲ್ಲಕ್ಕ. ಮುಟ್ಟೋ ಮುಂಚೆ ನಿಮಗೆ ಫೋನ್ ಮಾಡಿದ್ದು."

ಆ ಥರ್ಮಾಮೀಟರ್ ಮೇಲೆ ಪ್ಲಾಸ್ಟರ್ ತುಂಡು ಅಂಟಿಸಿ, ದೊಡ್ಡದಾಗಿ "ಎಫ್, ನೋಡಿ ಬರೆಯಿರಿ" ಅಂತ ಬರೆದಿಡು, ಸೆಲ್ಸಿಯಸ್‌ದು ಬರುವವರೆಗೆ ಅಂತ ಹೇಳಿ ಫೋನಿಟ್ಟೆ.