ಜಮೀನು ಕೊಳ್ಳುವ ಮುನ್ನ ನೀರಿನ ಜಾಡು: ತಿಪ್ಪಗೊಂಡನಹಳ್ಳಿ ಜಲಾನಯನವನ್ನು ಗುರುತಿಸುವ ಬಗೆ

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯೂ ಶಿವಗಂಗೆಯ ಕಡೆಯಿಂದ ಹರಿದುಬರುವ ಕುಮುದ್ವತಿಯೂ ಕೂಡುವಲ್ಲಿ 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯವು, 1974ರಲ್ಲಿ ಕಾವೇರಿ ನೀರು ಬರುವವರೆಗೆ ಬೆಂಗಳೂರಿನ ದೊಡ್ಡ ಆಸರೆಯಾಗಿತ್ತು. ಅದಕ್ಕೆ ನೀರುಣಿಸುವ ಸುಮಾರು 1,450 ಚದರ ಕಿಲೋಮೀಟರ್ ಪ್ರದೇಶವನ್ನು, ಅಂದರೆ ಅದರ ಜಲಾನಯನವನ್ನು, ಉಳಿಸಿಕೊಳ್ಳಲು ರಾಜ್ಯ ಸರ್ಕಾರ 2003ರಲ್ಲಿ ಅಧಿಸೂಚನೆ ಹೊರಡಿಸಿತು. ದೊಡ್ಡಬಳ್ಳಾಪುರ, ನೆಲಮಂಗಲ, ಮಾಗಡಿಯ ಸುತ್ತಮುತ್ತ ಜಮೀನು ಕೊಳ್ಳುವವರು ಆ ನೆಲ ಈ ವ್ಯಾಪ್ತಿಯೊಳಗಿದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ತಿಳಿದುಕೊಳ್ಳಬೇಕು.

ಮೊದಲು ಕಾಲ್ನಡಿಗೆಯಲ್ಲಿ ನೋಡಿ. ಒಂದು ಒಳ್ಳೆಯ ಮಳೆ ಬಿದ್ದ ಮಾರನೆಯ ದಿನ ಜಮೀನಿನ ತಗ್ಗಿನ ಮೂಲೆಯಿಂದ ಹೊರಟು, ನೀರು ಹೋದ ದಾರಿಯಲ್ಲೇ ಕೆಳಗಿಳಿಯಿರಿ. ಅದು ಒಂದು ಕೆರೆ ಸೇರುತ್ತದೆ. ಆ ಕೆರೆಯ ಕೋಡಿ ಬಿದ್ದರೆ ನೀರು ಯಾವ ಕೆರೆಗೆ ಹೋಗುತ್ತದೆ ಎಂದು ಊರಿನ ಹಿರಿಯರನ್ನು ಕೇಳಿದರೆ ಹೆಚ್ಚಿನವರು ಖಚಿತವಾಗಿ ಹೇಳಬಲ್ಲರು. ಹೀಗೆ ಸಾಗುವ ಕೆರೆಸಾಲು ಜಲಾಶಯಕ್ಕಿಂತ ಮೇಲೆ ಅರ್ಕಾವತಿಯನ್ನೋ ಕುಮುದ್ವತಿಯನ್ನೋ ಮುಟ್ಟಿದರೆ ನಿಮ್ಮ ನೆಲ ಜಲಾನಯನದೊಳಗಿದೆ. ಹತ್ತಿರವಿದ್ದ ಮಾತ್ರಕ್ಕೆ ಒಳಗಿದೆ ಎಂದುಕೊಳ್ಳಬಾರದು: ಕೆಂಗೇರಿಯ ನೀರು ವೃಷಭಾವತಿಗೆ ಹರಿದು ಜಲಾಶಯದಿಂದ ಬಹಳ ಕೆಳಗೆ ಅರ್ಕಾವತಿಯನ್ನು ಸೇರುತ್ತದೆ, ನಂದಿಯ ಇನ್ನೊಂದು ಮಗ್ಗುಲಿನ ಮಳೆ ಉತ್ತರ ಮತ್ತು ದಕ್ಷಿಣ ಪಿನಾಕಿನಿ ನದಿಗಳ ಪಾಲಾಗುತ್ತದೆ.

ಕಣ್ಣಿಗೆ ಕಂಡದ್ದನ್ನು ದಾಖಲೆಯೊಡನೆ ತಾಳೆ ನೋಡಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರನ್ನು ತೆರೆದು, ಗ್ರಾಮ ನಕ್ಷೆಯಲ್ಲಿ ಹಳ್ಳ, ಕಾಲುವೆ, ಕೆರೆಯಂಗಳಗಳು ಎಲ್ಲಿ ಬರುತ್ತವೆಂದು ಗುರುತು ಮಾಡಿಕೊಳ್ಳಿ. ಪಹಣಿಯಲ್ಲಿ ಖರಾಬಿನ ಕಲಂ ಓದದೆ ಬಿಡಬೇಡಿ. ‘ಅ’ ಖರಾಬು ಬಂಡೆಯಂಥ ಸಾಗುವಳಿಗೆ ಬಾರದ ನೆಲ. ‘ಬ’ ಖರಾಬು ದಾರಿ, ಹಳ್ಳ ಮೊದಲಾಗಿ ಸಾರ್ವಜನಿಕರಿಗೆ ಮೀಸಲಾದದ್ದು, ಅದನ್ನು ಯಾರೂ ನಿಮಗೆ ಮಾರುವಂತಿಲ್ಲ. ನೆಲದ ಮೇಲೆ ಹಳ್ಳ ಕಾಣದೆ, ಪಹಣಿಯಲ್ಲಿ ಮಾತ್ರ ‘ಬ’ ಖರಾಬಿದ್ದರೆ, ಯಾರಾದರೂ ಅದನ್ನು ಉತ್ತು ಮುಚ್ಚಿರಬಹುದೆಂಬ ಅನುಮಾನದಿಂದಲೇ ಮುಂದುವರಿಯಿರಿ.

ಬಳಿಕ ವಲಯ ಯಾವುದೆಂದು ನೋಡಿ. 2003ರ ಅಧಿಸೂಚನೆಯು ಜಲಾನಯನವನ್ನು ನಾಲ್ಕು ವಲಯಗಳನ್ನಾಗಿ ವಿಂಗಡಿಸಿ, ಜಲಾಶಯ ಮತ್ತು ನದಿದಡಗಳಿಗೆ ಹತ್ತಿರವಾದಷ್ಟೂ ನಿರ್ಬಂಧವನ್ನು ಬಿಗಿಗೊಳಿಸಿತ್ತು. ಆಮೇಲೆ ಅದಕ್ಕೆ ತಿದ್ದುಪಡಿಯಾಗಿರುವುದರಿಂದ, ಮಧ್ಯವರ್ತಿಗಳ ಬಾಯಿಮಾತನ್ನು ನಂಬದೆ ಈಗ ಜಾರಿಯಲ್ಲಿರುವ ಆದೇಶದ ಪ್ರತಿಯನ್ನು ಯೋಜನಾ ಪ್ರಾಧಿಕಾರದಿಂದ ಲಿಖಿತವಾಗಿ ಕೇಳಿ ಪಡೆಯಿರಿ.

ಜಮೀನು ಒಳಗಿದೆ ಎಂದಾದರೆ ಕೊಳ್ಳಬಾರದೆಂದಲ್ಲ. ಆದರೆ ಅಲ್ಲಿ ಮಾಡುವ ಪ್ರತಿಯೊಂದು ಕೆಲಸವೂ ಕೆಳಗಿನವರ ನೀರನ್ನು ಮುಟ್ಟುತ್ತದೆ. ಬದುಗಳನ್ನು ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯಲ್ಲಿ ಹಾಕಿ, ಚಾವಣಿಯ ನೀರನ್ನು ಇಂಗುಗುಂಡಿಗೆ ಬಿಡಿ. ಶೌಚದ ನೀರು ಕಾಲುವೆ ಸೇರದಂತೆ ನೋಡಿಕೊಳ್ಳಿ. ನೀಲಗಿರಿ ಇದ್ದರೆ ಬುಡಸಹಿತ ತೆಗೆಸಿ, ಏಕೆಂದರೆ ಕಡಿದ ಬೊಡ್ಡೆ ಮತ್ತೆ ಚಿಗುರಿ ನೆಲದಾಳದ ತೇವವನ್ನು ಹೀರುತ್ತಲೇ ಇರುತ್ತದೆ. ಲೆಕ್ಕವಿಲ್ಲದ ಕೊಳವೆಬಾವಿಗಳು ಮತ್ತು ನೀಲಗಿರಿ ತೋಪುಗಳು ಅರ್ಕಾವತಿಯ ಒರತೆಯನ್ನು ಬತ್ತಿಸಿದ ದೊಡ್ಡ ಕಾರಣಗಳು.

ಹಳ್ಳಕ್ಕೆ ಪೈಪು ಹಾಕಿ ಮೇಲೆ ಮಣ್ಣು ತುಂಬಿಸಿಕೊಡುತ್ತೇವೆ ಎಂದು ಮಾರುವವರು ಹೇಳಿದರೆ ಖಂಡಿತ ಒಪ್ಪಬೇಡಿ. ಮಾಲೀಕರಿಂದಲೇ ಹದ್ದುಬಸ್ತಿಗೆ, ಅಂದರೆ ಸರ್ವೆಯವರು ಅಳೆದು ಗಡಿ ಗುರುತಿಸುವುದಕ್ಕೆ, ಅರ್ಜಿ ಹಾಕಿಸಿ, ಹಳ್ಳದ ಎರಡೂ ದಡಗಳಲ್ಲಿ ಗಡಿಕಲ್ಲು ನೆಡಿಸಿದ ಮೇಲಷ್ಟೇ ಕರಾರಿಗೆ ಸಹಿ ಮಾಡಿ.